ತಿಳಿನೀರು ಕುಡಿದ ಪಿಕಪ್

ಕಾಗದ ಮೊದಲೇ ಸಿದ್ಧವಾಗಿತ್ತು. ಪಿಕಪ್ಪಿನ ಎಂಜಿನ್ ಯಾಕೆ ಕಾದು ಕುದಿಯುತ್ತಿದೆ ಎಂದು ಯಾರೂ ಸರಿಯಾಗಿ ನೋಡುವ ಮೊದಲೇ, ಯಾರಿಂದ ಕುದಿಯುತ್ತಿದೆ ಎಂಬುದು ಟೈಪಾಗಿ ಮ್ಯಾನೇಜರ್ ಮೇಜಿನ ಗಾಜಿನ ಕೆಳಗೆ ಮಲಗಿತ್ತು. 'ನನ್ನ ಅಜಾಗರೂಕತೆಯಿಂದ, ನೀರಿಲ್ಲದೆ ವಾಹನ ಓಡಿಸಿ, ಎಂಜಿನ್ನಿಗೆ ಹಾನಿ ಮಾಡಿರುತ್ತೇನೆ.' ಕೆಳಗೆ ಒಂದು ಗೆರೆ. ಗೆರೆಯ ಮೇಲೆ ಡ್ರೈವರನ ಸಹಿಯೊಂದು ಬಾಕಿ. ಸಹಿ ಹಾಕಿದರೆ ಕೆಲಸ ಹೋಗುತ್ತದೆ. ಹಾಕದಿದ್ದರೆ 'ವಿಚಾರಣೆಗೆ ಸಹಕರಿಸಲಿಲ್ಲ' ಎಂದು ಇನ್ನೊಂದು ಕಾಗದ ಟೈಪಾಗುತ್ತದೆ; ಆಗಲೂ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ದರಿ ತೋಡಿದವರೂ ಪುಲಿ ಸಾಕಿದವರೂ ಒಬ್ಬರೇ ಎನ್ನುವುದು ಮಾತ್ರ ಗಾದೆಯಲ್ಲಿ ಇಲ್ಲ.

ಅದೊಂದು ದೊಡ್ಡ ಲಾಂಡ್ರಿ. ಆಸ್ಪತ್ರೆಯ ಹಾಸಿಗೆ ಬಟ್ಟೆ, ವೈದ್ಯರ ಕೋಟು, ಎರಡು ಹೋಟೆಲುಗಳ ಮೇಜುಹಾಸು, ಎಲ್ಲ ಕೊಳಕಾಗಿ ಒಂದು ಬಾಗಿಲಿಂದ ಒಳಗೆ ಬಂದು ಬಿಳಿಯಾಗಿ ಇನ್ನೊಂದು ಬಾಗಿಲಿಂದ ಹೊರಗೆ ಹೋಗುತ್ತಿದ್ದವು. ನಡುವೆ ನಲವತ್ತು ಹೆಂಗಸರ ತೋಳುಗಳು. ಹೊರಗೆ ಹೋಗುವ ಬಾಗಿಲಲ್ಲಿ ಹದಿನೆಂಟು ವರ್ಷದ ಹಳೇ ಪಿಕಪ್ಪು, ಅದರ ಸ್ಟಿಯರಿಂಗ್ ಹಿಂದೆ ಹನ್ನೊಂದು ವರ್ಷದಿಂದ ಅದೇ ಡ್ರೈವರು. ಈ ತಿಂಗಳಲ್ಲಿ ಗಾಡಿ ಮೂರು ಸಲ ಕುದಿದಿತ್ತು. ಮೂರು ಸಲವೂ ತುಂಬಿದ ಲೋಡಿನಲ್ಲಿ, ಸೇತುವೆಯ ಏರಿನಲ್ಲಿ. ಮೂರನೇ ಸಲ ಆಪರೇಷನ್ ಕೋಣೆಗೆ ಹಾಸು ತಲುಪುವುದು ತಡವಾಗಿ ಆಸ್ಪತ್ರೆಯವರು ಮಾಲೀಕರಿಗೇ ಫೋನು ಮಾಡಿದ್ದರು. ಮಾಲೀಕರು ಮ್ಯಾನೇಜರಿಗೆ ಮಾಡಿದರು. ಮ್ಯಾನೇಜರು ಕೆಳಗೆ ನೋಡಿದರು. ನೀರು ಕೆಳಕ್ಕೆ ಹರಿಯುತ್ತದೆ, ಬೈಗುಳವೂ ಹಾಗೆಯೇ.

ದೊಡ್ಡ ಗ್ಯಾರೇಜಿನ ಫೋರ್‌ಮನ್ ಬಂದು ಎರಡು ನಿಮಿಷ ನೋಡಿದ್ದ. ರೇಡಿಯೇಟರಿನ ನೀರು ಹಾಲಿನ ಹಾಗೆ ಬೆಳ್ಳಗಿತ್ತು. "ಆಯಿಲೂ ನೀರೂ ಸೇರಿದೆ. ಎಂಜಿನ್ನಿನ ಹೆಡ್ಡೇ ಹೋಗಿದೆ. ನೀರಿಲ್ದೆ ಓಡಿಸಿದ್ರೆ ಇನ್ನೇನಾಗುತ್ತೆ?" ಎಂದು ಕೈ ಒರೆಸಿಕೊಂಡು ಹೋದ. ಅವನ ಬಾಯಿಂದ ಬಿದ್ದದ್ದೇ ಕಾಗದವಾಯಿತು.

ಡ್ರೈವರು ಕೇಳಿಕೊಂಡದ್ದು ಒಂದೇ. "ನಾಳೆ ಹನ್ನೆರಡರ ಟ್ರಿಪ್ ತನಕ ಟೈಮ್ ಕೊಡಿ ಸಾರ್. ನಮ್ಮತ್ತೆ ಒಂದ್ಸಲ ನೋಡ್ಲಿ."

"ಯಾರು?"

"ನಮ್ಮತ್ತೆ. ಹೆಂಡ್ತಿ ತಾಯಿ. ಮೆಕ್ಯಾನಿಕ್ಕು."

ಮ್ಯಾನೇಜರು ನಕ್ಕರು. ಆಫೀಸಿನಲ್ಲಿದ್ದ ಗುಮಾಸ್ತನೂ, ಸಾಹೇಬರು ನಕ್ಕ ಮೇಲೆ, ಲೆಕ್ಕ ಹಿಡಿದು ಅಷ್ಟೇ ನಕ್ಕ. "ನೋಡ್ಲಪ್ಪ, ನಿಮ್ಮತ್ತೆ ನೋಡ್ಲಿ. ಹನ್ನೆರಡಕ್ಕೆ ಸಹಿ."

ಅತ್ತೆಗೆ ಊರಿನ ಡ್ರೈವರುಗಳೆಲ್ಲ ಸ್ಪ್ಯಾನರಮ್ಮ ಎನ್ನುತ್ತಿದ್ದರು. ಆ ಹೆಸರು ಹುಟ್ಟಿದ್ದು ಗೇಲಿಯಾಗಿ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಬಸ್ಸುಗಳ ಡಿಪೋದಲ್ಲಿ ಸೀಮೆಎಣ್ಣೆಯಲ್ಲಿ ನಟ್ಟುಬೋಲ್ಟು ತೊಳೆಯುವ ಕೆಲಸಕ್ಕೆ ಸೇರಿದವಳು ಆಕೆ. ಆರು ವರ್ಷ ಗಂಡಸರು ಆಕೆಯ ಕೈಗೆ ಸ್ಪ್ಯಾನರ್ ಕೊಡಲಿಲ್ಲ. ತೊಳೆದು ಕೊಡು ಎಂದರು. ಆಕೆ ತೊಳೆದಳು. ತೊಳೆಯುತ್ತ ಯಾವ ಭಾಗ ಎಲ್ಲಿ ಸವೆದಿದೆ ಎಂದು ಬೆರಳಿನಲ್ಲಿ ಓದಿದಳು. ಸವೆದದ್ದನ್ನು ಓದಬಲ್ಲವಳಿಗೆ ಕೆಟ್ಟದ್ದು ಯಾಕೆ ಕೆಟ್ಟಿತು ಎನ್ನುವುದು ತಾನಾಗಿ ತಿಳಿಯತೊಡಗಿತು. ಏಳನೇ ವರ್ಷ ಡಿಪೋದ ಹಿರಿಯ ಮೆಕ್ಯಾನಿಕ್ಕೇ, ಯಾರೂ ನೋಡದಾಗ, ಆಕೆಯನ್ನು ಕರೆದು ಕೇಳತೊಡಗಿದ: ಇದೇನು ಸದ್ದು, ಕೇಳಮ್ಮ ಸ್ವಲ್ಪ. ಈಗ ಆಕೆಗೆ ಐವತ್ತೆಂಟು. ಸೇತುವೆಯ ಆಚೆ ತಗಡಿನ ಸೂರಿನ ಒಂದು ಗ್ಯಾರೇಜು. ಬೋರ್ಡಿಲ್ಲ. ಬೇಕಾಗಿಯೂ ಇಲ್ಲ.

ಬೆಳಿಗ್ಗೆ ಏಳಕ್ಕೆ ಸ್ಪ್ಯಾನರಮ್ಮ ಚೀಲ ಹೊತ್ತು ಲಾಂಡ್ರಿಯ ಅಂಗಳಕ್ಕೆ ಬಂದಾಗ ಪಿಕಪ್ಪು ರಾತ್ರಿಯಿಡೀ ನಿಂತು ತಣ್ಣಗಾಗಿತ್ತು. ಆಕೆ ಹಿಂದಿನ ಸಂಜೆಯೇ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು: ನಾನು ಬರೋ ತನಕ ಕೀ ಮುಟ್ಟಬೇಡಿ.

"ಬನ್ನಿ ಅಳಿಯಂದ್ರೇ," ಎಂದಳು. ಅಳಿಯನನ್ನು ಬಹುವಚನದಲ್ಲಿ ಕರೆಯುವುದು ಆಕೆಗೆ ಮರ್ಯಾದೆಯೂ ಹೌದು, ಅರ್ಧ ತಮಾಷೆಯೂ ಹೌದು. "ಬಾನೆಟ್ ಆಮೇಲೆ. ಮೊದ್ಲು ಹೇಳಿ. ಕೀ ಹಾಕಿದಾಗಿನಿಂದ ಕೀ ತೆಗೆಯೋ ತನಕ. ಒಂದೂ ಬಿಡದೆ."

ಅದು ಆಕೆಯ ಕ್ರಮ. ಗಾಡಿಯ ಹೊಟ್ಟೆ ಬಿಚ್ಚುವ ಮುಂಚೆ ಗಾಡಿಯ ಕತೆ ಕೇಳಬೇಕು. ಡ್ರೈವರು ಹೇಳಿದ. ಸ್ಟಾರ್ಟ್ ಸಲೀಸು. ಅಂಗಳದಲ್ಲಿ ಅರ್ಧ ಗಂಟೆ ನಿಲ್ಲಿಸಿ ಎಂಜಿನ್ ಓಡಿಸಿದರೂ ಕಾಯುವುದಿಲ್ಲ. ಸಮ ರಸ್ತೆಯಲ್ಲಿ ಬಿಸಿ ತೋರಿಸುವ ಮುಳ್ಳು ಅರ್ಧದಲ್ಲೇ ಇರುತ್ತದೆ. ಲೋಡು ತುಂಬಿ ಸೇತುವೆ ಏರುವಾಗ, ಎರಡನೇ ಗೇರಿನಲ್ಲಿ, ಮುಳ್ಳು ಎದ್ದು ಕೆಂಪಿಗೆ ಹೋಗುತ್ತದೆ.

"ಹೊಗೆ?"

"ಬಿಳಿ ಹೊಗೆ ಇಲ್ಲ ಅತ್ತೆ. ಯಾವಾಗ್ಲೂ ಬರೋಷ್ಟೇ."

"ನೀರು ಕುಡೀತದಾ?"

"ಕುಡಿಯುತ್ತೆ. ಎರಡು ತಿಂಗಳಿಂದ ದಿನಾ ಬೆಳಿಗ್ಗೆ ಅರ್ಧ ಕ್ಯಾನು."

"ನೀರು ಎಲ್ಲಿಂದ ಹಾಕ್ತೀರಿ?"

ಅಲ್ಲಿಯ ತನಕ ನೀರು ಹರಿದ ಹಾಗೆ ಮಾತಾಡಿದ ಅಳಿಯ ಅಲ್ಲಿ ನಿಂತ. "ಇಲ್ಲೇ... ಒಳಗಿಂದ."

ಸ್ಪ್ಯಾನರಮ್ಮ ಅವನ ಮುಖ ನೋಡಿದಳು. ಕೆದಕಲಿಲ್ಲ. ಡಿಪೋದಲ್ಲಿ ಮೂವತ್ತು ವರ್ಷ ಕಂಡ ಸತ್ಯ ಆಕೆಗೆ ಗೊತ್ತಿತ್ತು: ಡ್ರೈವರು ಸುಳ್ಳು ಹೇಳುವುದು ತನ್ನನ್ನು ಉಳಿಸಿಕೊಳ್ಳಲು ಕಮ್ಮಿ, ಇನ್ನೊಬ್ಬರನ್ನು ಉಳಿಸಲು ಜಾಸ್ತಿ. "ಸರಿ. ನೀವು ಹೇಳದಿದ್ರೆ ಗಾಡಿ ಹೇಳುತ್ತೆ," ಎಂದು ತೋಳು ಮಡಿಸಿದಳು.

ಬಾನೆಟ್ ಎತ್ತಿ ಕೋಲು ಕೊಟ್ಟರು. ಆಕೆ ಮೊದಲು ಕೈ ಹಾಕಲಿಲ್ಲ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆಗೆ ಹೆಣ್ಣು ನೋಡಲು ಬಂದ ಬಿಗುಮಾನದ ಬೀಗರ ಹಾಗೆ, ಒಂದು ಸುತ್ತು ನೋಡಿದಳು. ಬೆಲ್ಟು ಬಿಗಿಯಾಗಿದೆ. ಫ್ಯಾನಿನ ರೆಕ್ಕೆ ಐದೂ ಇವೆ. ಹೋಸು ಪೈಪುಗಳು ಉಬ್ಬಿಲ್ಲ. ರೇಡಿಯೇಟರಿನ ಕತ್ತಿನಿಂದ ಕೆಳಗಿಳಿಯುವ ಸಣ್ಣ ನಳಿಗೆಯ ತುದಿಯಲ್ಲಿ ಮಾತ್ರ ಬಿಳಿ ಕಲೆ, ಜೊಲ್ಲು ಒಣಗಿದ ಹಾಗೆ. ಅಲ್ಲಿ ಬೆರಳಿಟ್ಟು, "ಓಹೋ" ಎಂದಳು. ಆಮೇಲೆ ಮುಚ್ಚಳ ತಿರುಗಿಸಿ ತೆಗೆದು ಬೆಳಕಿಗೆ ಹಿಡಿದಳು. ಒಳಗಿನ ರಬ್ಬರು ಬಿರುಕು ಬಿಟ್ಟು, ಒಂದು ಕಡೆ ಹರಿದೇ ಹೋಗಿತ್ತು. ಅದನ್ನು ಸೆರಗಿಗೆ ಒರೆಸಿ ಚೀಲದ ಮೇಲಿಟ್ಟಳು.

ನೀರು ಬೆಳ್ಳಗಿತ್ತು. ಫೋರ್‌ಮನ್ ಸುಳ್ಳು ಹೇಳಿರಲಿಲ್ಲ. ನೋಡಿದ್ದ; ಮುಟ್ಟಿರಲಿಲ್ಲ.

ಸ್ಪ್ಯಾನರಮ್ಮ ಆಯಿಲ್ ಕಡ್ಡಿ ಎಳೆದಳು. ಆಯಿಲು ಕಪ್ಪಗೆ, ಶುದ್ಧ. ನೀರಿನ ಒಂದು ಹನಿ ಸೇರಿದ್ದರೂ ಅದು ನೊರೆಹಾಲಾಗಿರಬೇಕಿತ್ತು. ಮುಚ್ಚಳ ತೆರೆದೇ ಎಂಜಿನ್ ಶುರು ಮಾಡಿಸಿ, ಕತ್ತಿನೊಳಗೆ ಟಾರ್ಚು ಬಿಟ್ಟು ನಿಂತಳು. ಹೆಡ್ ಹೋಗಿದ್ದರೆ ಗುಳ್ಳೆ ಏಳಬೇಕು. ಒಂದು ನಿಮಿಷ, ಐದು ನಿಮಿಷ. ಒಂದೂ ಗುಳ್ಳೆ ಇಲ್ಲ. ಎಂಜಿನ್ ಬಿಸಿಯೇರಿ ಮೇಲಿನ ಹೋಸು ಕಾದಾಗ ನೀರು ಒಳಗೆ ಅಲುಗಾಡಿತು, ಆದರೆ ಹರಿಯಲಿಲ್ಲ. ಸಂತೆಯ ದಾರಿಯಲ್ಲಿ ಸಿಕ್ಕಿಕೊಂಡ ಎಮ್ಮೆಯ ಹಾಗೆ ಇದ್ದಲ್ಲೇ ತಳ್ಳಾಡಿತು.

"ಪಂಪು ತಳ್ತಾ ಇದೆ. ಮುಂದೆ ದಾರಿ ಇಲ್ಲ," ಎಂದಳು. "ಹೆಡ್ ಗಟ್ಟಿಯಾಗಿದೆ, ಅಳಿಯಂದ್ರೇ. ನಿಮ್ಮ ತಲೆಗಿಂತ ಗಟ್ಟಿ."

ಅಷ್ಟು ಹೊತ್ತಿಗೆ ಮ್ಯಾನೇಜರ್ ಬಂದರು. ಇಸ್ತ್ರಿಯ ಷರಟು, ಸೊಂಟದಲ್ಲಿ ಕೀಲಿಗೊಂಚಲು. ಎಂಟೂವರೆಯ ಚಹಾದ ಬಿಡುವಾಗಿದ್ದರಿಂದ ಒಗೆಯುವ ಹೆಂಗಸರು, ಇಸ್ತ್ರಿಯ ಹೆಂಗಸರು ಲೋಟ ಹಿಡಿದು ಬಾಗಿಲಲ್ಲಿ ಸೇರಿದ್ದರು.

"ಏನಂತಾರಪ್ಪ ನಿಮ್ಮತ್ತೆ?"

"ಹೆಡ್ ಹೋಗಿಲ್ಲ ಸಾರ್," ಎಂದಳು ಸ್ಪ್ಯಾನರಮ್ಮ. "ರೇಡಿಯೇಟರ್ ಕಟ್ಟಿಕೊಂಡಿದೆ."

"ಹೆಡ್ ಹೋದ್ರೇನು, ರೇಡಿಯೇಟರ್ ಕಟ್ಟಿದ್ರೇನು? ಅಳಿಯ ಅಲ್ಲ, ಮಗಳ ಗಂಡ!" ಮ್ಯಾನೇಜರ್ ತಮ್ಮ ಗಾದೆಗೆ ತಾವೇ ಖುಷಿಪಟ್ಟರು. "ಅತ್ತೆ ಅಳಿಯನ ಪರ ಹೇಳದೆ ಇನ್ಯಾರ ಪರ ಹೇಳ್ತಾಳೆ?"

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಡ್ರೈವರು ನೆಲ ನೋಡಿದ. ಸ್ಪ್ಯಾನರಮ್ಮ ಮಾತ್ರ ತಲೆದೂಗಿದಳು. "ನ್ಯಾಯವಾದ ಮಾತು ಸಾರ್. ನನ್ನ ಮಾತು ನಂಬಬೇಡಿ. ನಿಮ್ಮ ಕಣ್ಣು ನಂಬಿ."

ಮುಂದಿನ ಜಾಲರಿಯ ನಾಲ್ಕು ಸ್ಕ್ರೂ ಬಿಚ್ಚಿ ರೇಡಿಯೇಟರಿನ ಮುಖ ತೆರೆದಳು. ಎಂಜಿನ್ ಆಫ್ ಮಾಡಿಸಿದಳು. ಇಸ್ತ್ರಿಯವಳೊಬ್ಬಳ ಕೈಯಿಂದ ಒದ್ದೆ ಬಟ್ಟೆ ಇಸಿದುಕೊಂಡು, ಮಗುವಿನ ಮುಖ ಒರೆಸುವ ಹಾಗೆ, ಬಿಸಿ ರೇಡಿಯೇಟರಿನ ಮುಖದ ಮೇಲೆಲ್ಲ ಒಂದೇ ಸಮ ನೀರು ಸವರಿದಳು. ಆಮೇಲೆ ಪಕ್ಕಕ್ಕೆ ಸರಿದು ನಿಂತಳು.

ಎಲ್ಲರೂ ನೋಡಿದರು. ಎಡ ಅಂಚಿನಲ್ಲಿ ಆವಿ ಎದ್ದು ಕ್ಷಣದಲ್ಲಿ ಒಣಗಿತು. ಬಲ ಅಂಚೂ ಒಣಗಿತು. ನಡುವೆ, ಒಂದು ಮೊಳದಗಲ, ನೀರು ಹಾಗೇ ನಿಂತಿತ್ತು. ನಿಮಿಷ ಕಳೆದರೂ ನಿಂತಿತ್ತು. ಬೆಟ್ಟದಿಂದ ನೋಡಿದ ಕೆರೆಯ ಹಾಗೆ ಅದರ ದಂಡೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಒಣಗಿದ ಕಡೆ ಒಳಗೆ ಬಿಸಿ ನೀರು ಹರೀತಿದೆ," ಎಂದಳು. "ಒದ್ದೆ ಇರೋ ಕಡೆ ಹರೀತಿಲ್ಲ. ಮುಕ್ಕಾಲು ಪಾಲು ಮುಚ್ಚಿದೆ. ಖಾಲಿ ಗಾಡಿಗೆ ಕಾಲು ಪಾಲು ಸಾಕು. ಲೋಡು ಹಾಕಿ ಏರಿಗೆ ಬಿಟ್ರೆ ಯಾವ ಡ್ರೈವರಿದ್ರೂ ಕುದಿಯುತ್ತೆ. ಬೇಕಾದ್ರೆ ಕೈಯಿಟ್ಟು ನೋಡಿ. ಅಂಚು ಬೇಡ, ಸುಡುತ್ತೆ. ನಡುವೆ ಇಡಿ."

ಮ್ಯಾನೇಜರು ಇಡಲಿಲ್ಲ. ಒಗೆಯುವ ಹೆಂಗಸೊಬ್ಬಳು ಲೋಟ ಪಕ್ಕದವಳಿಗೆ ಕೊಟ್ಟು ಬಂದು ಇಟ್ಟಳು. "ಅಯ್ಯೋ, ತಣ್ಣಗಿದೆ ಕಣ್ರೇ!" ಎಂದಳು. ಹಿಂದೆಯೇ ಇನ್ನಿಬ್ಬರು ಬಂದು ಇಟ್ಟರು. ಲ್ಯಾಬಿನಲ್ಲಿ ಬಿಳಿ ಕೋಟು ತೊಟ್ಟು ಮಾಡಿದ್ದರೆ ಇದಕ್ಕೆ ಪ್ರಯೋಗ ಎನ್ನುತ್ತಿದ್ದರು. ಬಿಳಿ ಕೋಟು ಒಗೆಯುವವರು ಅಂಗಳದಲ್ಲಿ ನಿಂತು ಮಾಡಿದ್ದರಿಂದ ಅದಕ್ಕೆ ಹೆಸರಿಲ್ಲ.

"ಕಟ್ಟಿಕೊಂಡಿದೆ, ಸರಿ. ಏನು ಕಟ್ಟಿಕೊಂಡಿದೆ? ಇವನೇ ಏನೋ ಹಾಕಿರ್ತಾನೆ," ಎಂದರು ಮ್ಯಾನೇಜರ್.

ಸ್ಪ್ಯಾನರಮ್ಮ ಉದ್ದನೆಯ ಸ್ಕ್ರೂಡ್ರೈವರಿನಿಂದ ಕತ್ತಿನೊಳಗೆ ಕೆರೆದು ತೆಗೆದಳು. ತುದಿಯಲ್ಲಿ ಬಿಳಿ ಲೋಳೆ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು. "ಆಯಿಲಾದ್ರೆ ಜಾರಬೇಕು. ಇದು ಜಾರ್ತಿಲ್ಲ, ಹಿಡೀತಿದೆ. ಸುಣ್ಣವಾದ್ರೆ ತರಿ ಸಿಗಬೇಕು. ತರಿ ಇಲ್ಲ." ಮೂಸಿದಳು. ಹುಬ್ಬು ಗಂಟಿಕ್ಕಿದಳು. ಆಮೇಲೆ ಅಷ್ಟು ಜನರ ಎದುರು, ಮ್ಯಾನೇಜರ ಎದುರು, ತನ್ನ ಅಳಿಯನ ಅನ್ನ ತೂಗುತ್ತಿರುವ ಹೊತ್ತಿನಲ್ಲಿ, ಹೇಳಿದಳು: "ಇದು ಏನು ಅಂತ ನನಗೆ ಗೊತ್ತಿಲ್ಲ."

ಎರಡು ನಿಮಿಷದಲ್ಲಿ ಎಲ್ಲ ಗೊತ್ತಾದ ಫೋರ್‌ಮನ್ನನ ಮಾತು ಟೈಪಾಗಿತ್ತು. ಗೊತ್ತಿಲ್ಲ ಎನ್ನುವ ಈ ಮಾತಿಗೆ ಎಷ್ಟು ಕಲಿತಿರಬೇಕು ಎಂದು ಯಾವ ಕಚೇರಿಯೂ ಅಳೆಯುವುದಿಲ್ಲ.

ಮ್ಯಾನೇಜರ ತುಟಿ ಅಗಲವಾಯಿತು. "ನೋಡಿದ್ರಾ? ಗೊತ್ತಿಲ್ವಂತೆ!"

"ತಾ ಇಲ್ಲಿ, ತಂಗಿ," ಎಂದಿತು ಬಾಗಿಲಿಂದ ಒಂದು ದನಿ.

ಗಂಜಿ ಕೋಣೆಯ ದೊಡ್ಡಮ್ಮ. ಒಗೆದ ಕೋಟಿಗೂ ಮೇಜುಹಾಸಿಗೂ ಗಂಜಿ ಹಾಕಿ ಬಿಗಿ ಮಾಡುವುದು ಅವಳ ಕೆಲಸ, ಮೂವತ್ತಾರು ವರ್ಷದಿಂದ. ಕುಳ್ಳನೆಯ ಜೀವ, ಮೊಣಕೈ ತನಕ ನೀರಲ್ಲಿ ನೆಂದು ಬಿಳಿಚಿದ ತೋಳು. ಅವಳು ಬರುವುದನ್ನು ಕಂಡ ಡ್ರೈವರು, "ದೊಡ್ಡಮ್ಮ, ನೀನು ಒಳಗೆ ಹೋಗು, ಚಹಾ ಆರುತ್ತೆ" ಎಂದು ಅಡ್ಡ ಬಂದ. ಅವಳು ಅವನನ್ನು ಬಾಗಿಲ ಪರದೆಯ ಹಾಗೆ ಪಕ್ಕಕ್ಕೆ ಸರಿಸಿದಳು.

ಲೋಳೆಯನ್ನು ಬೆರಳಿಗೆ ತೆಗೆದುಕೊಂಡಳು. ಉಜ್ಜಲಿಲ್ಲ. ಬೆರಳ ತುದಿಯಲ್ಲಿ ತೆಳ್ಳಗೆ ಹರಡಿ, ಬಾಯಿಂದ ಮೆಲ್ಲಗೆ ಊದಿ, ಕಾದಳು. ಒಣಗಿದ ಮೇಲೆ ಬೆರಳು ಮಡಿಸಿದಳು. ಚರ್ಮದ ಮೇಲೆ ಪೊರೆಯೊಂದು ಬಿಗಿದು, ಪಟ್ಟನೆ ಬಿರಿದು, ಹೊಟ್ಟಿನ ಹಾಗೆ ಉದುರಿತು.

ದೊಡ್ಡಮ್ಮನ ಮುಖ ಇಳಿಯಿತು. ಅವಳಿಗೆ ತಿಳಿದುಹೋಗಿತ್ತು, ಪೂರ್ತಿ ತಿಳಿದುಹೋಗಿತ್ತು.

ಸುಮ್ಮನಿರಬಹುದಿತ್ತು. 'ಏನೋಪ್ಪ, ಗೊತ್ತಾಗಲಿಲ್ಲ' ಎಂದು ಬೆರಳು ಒರೆಸಿಕೊಂಡು ಒಳಗೆ ಹೋಗಬಹುದಿತ್ತು. ನಿವೃತ್ತಿಗೆ ಎರಡು ವರ್ಷವಿತ್ತು. ಹಾಗೆ ಸುಮ್ಮನಾದವರನ್ನು ಬೈಯುವ ಹಕ್ಕು ಹೊಟ್ಟೆ ತುಂಬಿದ ಯಾರಿಗೂ ಇಲ್ಲ.

"ಇದು ಗಂಜಿ," ಎಂದಳು ದೊಡ್ಡಮ್ಮ. "ನಂದೇ ಗಂಜಿ. ಅವನಿಗೆ ನೀರು ಕೊಟ್ಟೋಳು ನಾನು."

"ದೊಡ್ಡಮ್ಮ!" ಎಂದ ಡ್ರೈವರು.

"ಸುಮ್ನಿರೋ. ನನ್ನ ಬಾಯಿ ಮುಚ್ಚಿಸೋಷ್ಟು ದೊಡ್ಡೋನಾದ್ಯಾ?" ಮ್ಯಾನೇಜರ ಕಡೆ ತಿರುಗಿದಳು. "ಅಂಗಳದ ನಲ್ಲಿಗೆ ನೀವು ಬೀಗ ಹಾಕಿಸಿದ್ರಿ. ಒಳಗಿನ ನಲ್ಲಿ ನೀರು ಹೊರಗೆ ಕೊಡಬಾರದು ಅಂತ ಬೋರ್ಡು ಹಾಕಿದ್ರಿ. ಇವನು ಕ್ಯಾನು ಹಿಡ್ಕೊಂಡು ನಿಂತಿದ್ದ. ಗಂಜಿಪುಡೀನ ಸಂಜೆ ತೊಟ್ಟೀಲಿ ನೆನೆಹಾಕ್ತೀವಲ್ಲ, ಬೆಳಿಗ್ಗೆಗೆ ಪುಡಿ ತಳ ಸೇರುತ್ತೆ, ಮೇಲೆ ತಿಳಿನೀರು ನಿಲ್ಲುತ್ತೆ. ಅದನ್ನ ಹೇಗೂ ಚೆಲ್ಲಬೇಕು. ಚೆಲ್ಲೋ ನೀರು ತಾನೇ, ಬೋರ್ಡಿಗೂ ವಿರೋಧ ಅಲ್ಲ ಅಂತ ಅದನ್ನೇ ಮೊಗೆದು ಕೊಟ್ಟೆ. ಕನ್ನಡಿ ಹಾಗಿತ್ತು ನೀರು. ಅದರಲ್ಲಿ ಗಂಜಿ ಉಳಿದಿರುತ್ತೆ, ಎಂಜಿನ್ನಿನ ಬಿಸೀಲಿ ಬೇಯುತ್ತೆ ಅಂತ ನನ್ನ ತಲೆಗೆ ಹೊಳೀಲಿಲ್ಲ. ಮೂವತ್ತಾರು ವರ್ಷ ಗಂಜಿ ಬೇಯಿಸಿದೋಳು ನಾನು, ನನಗೇ ಹೊಳೀಲಿಲ್ಲ."

ಮ್ಯಾನೇಜರ ಮುಖದಲ್ಲಿ ನೆಮ್ಮದಿ ಮೂಡಿತು. "ಸರಿಹೋಯ್ತು. ಹಾಗಾದ್ರೆ ಕಾಗದದಲ್ಲಿ ಹೆಸರು ಬದಲಾಯಿಸಿದ್ರೆ ಆಯ್ತು."

"ನಿಲ್ಲಿ ಸಾರ್." ಸ್ಪ್ಯಾನರಮ್ಮ ಚೀಲದ ಮೇಲಿನ ಮುಚ್ಚಳ ಎತ್ತಿ ಅವರ ಮೂಗಿನ ಮುಂದೆ ಹಿಡಿದಳು. "ಗಂಜಿ ಮೂರನೇ ಮಾತು. ಮೊದಲ್ನೇ ಮಾತು ಇದು. ಈ ರಬ್ಬರು ನೋಡಿ, ಹರಿದಿದೆ. ಹರಿದ ಮುಚ್ಚಳದಿಂದ ನೀರು ಉಕ್ಕಿ ಹೋಗುತ್ತೆ. ಅದಕ್ಕೇ ಗಾಡಿಗೆ ದಿನಾ ಅರ್ಧ ಕ್ಯಾನು ಬೇಕಾಯ್ತು. ಮುಚ್ಚಳ ಸರಿ ಇದ್ದಿದ್ರೆ ಇವನು ಕ್ಯಾನೇ ಹಿಡೀತಿರ್ಲಿಲ್ಲ. ಎರಡನೇ ಮಾತು ನಿಮ್ಮ ಬೀಗ. ನಲ್ಲಿ ತೆರೆದಿದ್ದಿದ್ರೆ ಈಯಮ್ಮ ತಿಳಿನೀರು ಮೊಗೀತಿರ್ಲಿಲ್ಲ. ಕೆಳಗಿಂದ ಎಣಿಸಬೇಡಿ. ಮೇಲಿಂದ ಎಣಿಸಿ."

"ಮುಚ್ಚಳ ಹೋಗಿದೆ ಅಂತ ನನಗ್ಯಾರು ಹೇಳಿದ್ರು?"

"ನಾನು ಹೇಳಿದ್ದೆ ಸಾರ್," ಎಂದ ಡ್ರೈವರು. "ಮೂರು ಸಲ."

"ಬರೆದು ಕೊಟ್ಟಿದ್ದೀಯಾ?"

"ಬರೆದು ಕೊಡ್ಲಾ ಅಂತಾನೂ ಕೇಳಿದ್ದೆ. 'ಒಂದು ಮುಚ್ಚಳಕ್ಕೆಲ್ಲ ಅರ್ಜಿ ಬರೀತೀಯಾ, ನೀನೇನು ಕವೀನಾ' ಅಂದ್ರಿ."

ಹೆಂಗಸರು ನಕ್ಕರು. ಈ ಸಲದ ನಗು ಬೇರೆ ಥರದ್ದು. ಆಫೀಸಿನ ಕಿಟಕಿಯಲ್ಲಿದ್ದ ಗುಮಾಸ್ತನೂ ಲೆಕ್ಕ ಮರೆತು ನಕ್ಕ.

"ಹನ್ನೆರಡಕ್ಕೆ ಇನ್ನೂ ಮೂರು ಗಂಟೆ ಇದೆ," ಎಂದಳು ಸ್ಪ್ಯಾನರಮ್ಮ. "ತೊಳೆದು ಕೂರಿಸ್ತೀನಿ. ನಲ್ಲಿ ಕೀಲಿ ಕೊಡಿ."

ಮ್ಯಾನೇಜರು ಗೊಂಚಲು ಹಿಡಿದುಕೊಂಡು ಒಂದು ಗಳಿಗೆ ನಿಂತರು. ಆಸ್ಪತ್ರೆಯ ಹಾಸು ನೂರಾ ಎಂಬತ್ತು ಕಟ್ಟಾಗಿ ಬಾಗಿಲಲ್ಲಿ ಕಾಯುತ್ತಿತ್ತು. ಬೇರೆ ಗಾಡಿ ಇರಲಿಲ್ಲ. ಕೀಲಿ ಗೊಂಚಲಿಂದ ಬಿಡಿಸಿ ಕೊಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆಫೀಸಿನಲ್ಲಿ ಟೈಪು ಮಾಡುವ ಸದ್ದು ಕೇಳಿಸಿತು.

ರೇಡಿಯೇಟರ್ ಬಿಚ್ಚಿ ಎರಡು ಇಟ್ಟಿಗೆಯ ಮೇಲೆ ಮಲಗಿಸಿದರು. ಸ್ಪ್ಯಾನರಮ್ಮ, "ಕುದಿಯೋ ನೀರು ತನ್ನಿ" ಎಂದಳು.

"ಹುಚ್ಚೀನಾ ನೀನು?" ಎಂದಳು ದೊಡ್ಡಮ್ಮ. "ಗಂಜೀಗೆ ಕುದಿಯೋ ನೀರು ಸುರಿದ್ರೆ ಇನ್ನೂ ಗಟ್ಟಿ ಹಿಡಿಯುತ್ತೆ. ಗಂಜಿ ಬಿಡಿಸೋ ಪುಡಿ ಇದೆ ನಮ್ಮ ಹತ್ರ. ಅದಕ್ಕೆ ಕುದಿ ಆಗಲ್ಲ, ಅದರ ಗುಣ ಸತ್ತೋಗುತ್ತೆ. ಕೈ ತಡೆಯೋಷ್ಟು ಬಿಸಿ. ಮುಕ್ಕಾಲು ಗಂಟೆ ನೆನೀಬೇಕು. ಅವಸರ ಮಾಡ್ಬಾರ್ದು."

ಮೂವತ್ತು ವರ್ಷದ ಮೆಕ್ಯಾನಿಕ್ಕು, ಬಸ್ಸುಗಳ ಎಂಜಿನ್ ಇಳಿಸಿ ಏರಿಸಿದವಳು, ಯಾರೋ ತಂದುಕೊಟ್ಟ ಕುದಿನೀರಿನ ಕೆಟಲನ್ನು ಕೆಳಗಿಟ್ಟು ಕೇಳಿದಳು: "ಎಷ್ಟು ಪುಡಿ, ಅಕ್ಕ?"

ಆಮೇಲಿನದ್ದು ನೋಡುವಂಥದ್ದು. ದೊಡ್ಡಮ್ಮ ಬಕೆಟ್ಟಿನಲ್ಲಿ ಮೊಣಕೈ ಅದ್ದಿ ಬಿಸಿ ಅಳೆದಳು, ತಣ್ಣೀರು ಒಂದು ಚೊಂಬು ಬೆರೆಸಿದಳು, ಮತ್ತೆ ಅದ್ದಿದಳು. ಥರ್ಮಾಮೀಟರು ನಾಚಬೇಕು. ಸ್ಪ್ಯಾನರಮ್ಮ ಕೆಳಗಿನ ಬಾಯಿಗೆ ಬಟ್ಟೆ ತುರುಕಿ, ಮೇಲಿಂದ ಹೊಯ್ದು, ತೊಟ್ಟಿಲು ತೂಗುವ ಹಾಗೆ ಅತ್ತಿತ್ತ ಅಲುಗಿಸಿದಳು. ಅದೇ ನೀರನ್ನು ಎಂಜಿನ್ನಿನ ಒಳದಾರಿಗೂ ತುಂಬಿಸಿದರು. ಮುಕ್ಕಾಲು ಗಂಟೆ ಇಬ್ಬರೂ ಇಟ್ಟಿಗೆ ಪಕ್ಕ ಕುಕ್ಕರುಗಾಲಲ್ಲಿ ಕೂತು, ಯಾವ ಕಲೆಗೆ ಏನು, ಯಾವ ಗ್ರೀಸಿಗೆ ಏನು ಎಂದು ಮಾತಾಡಿದರು. ಡ್ರೈವರು ನಾಲ್ಕು ಸಲ ಗಡಿಯಾರ ನೋಡಿದ. ನಾಲ್ಕು ಸಲವೂ ಇಬ್ಬರಿಂದಲೂ ಬೈಸಿಕೊಂಡ.

ಆಮೇಲೆ ರೇಡಿಯೇಟರನ್ನು ತಲೆಕೆಳಗು ಮಾಡಿ, ಅಂಗಳದ ನಲ್ಲಿಗೆ ಪೈಪು ಸಿಕ್ಕಿಸಿ, ನೀರು ಯಾವಾಗಲೂ ಹೋಗುವ ದಿಕ್ಕಿಗೆ ಎದುರಾಗಿ ಬಿಟ್ಟರು. ಮೊದಲು ಬರೇ ಗೊರಗೊರ. ಆಮೇಲೆ ಕೆಮ್ಮು. ಆಮೇಲೆ ಒಮ್ಮೆಗೇ ಬಿಳಿ ಮುದ್ದೆಗಳು, ಉದ್ದುದ್ದ ಎಳೆಗಳು, ಮೀನಿನ ಕರುಳಿನ ಹಾಗೆ ಕಲ್ಲುಹಾಸಿನ ಮೇಲೆ ಬಂದು ಬಿದ್ದವು.

"ಥೂ, ಎಂಥ ಗಾಡಿನಪ್ಪ, ಬಸುರಿ ಹಾಗೆ ವಾಂತಿ ಮಾಡ್ತಿದೆ," ಎಂದಳೊಬ್ಬಳು ಕಿಟಕಿಯಿಂದ.

"ಗಂಜಿ ಜಾಸ್ತಿಯಾಗಿತ್ತು. ಅದಕ್ಕೇ ಏರಿನಲ್ಲಿ ಇಸ್ತ್ರಿ ಷರಟಿನ ಹಾಗೆ ಸೆಟೆದು ನಿಲ್ತಿತ್ತು," ಎಂದಳು ಇನ್ನೊಬ್ಬಳು ಆಫೀಸಿನ ಕಡೆ ಕಣ್ಣು ಹಾಯಿಸಿ.

ಇನ್ನೊಂದು ಸಲ ಪುಡಿ, ಇನ್ನೊಂದು ಸಲ ನೀರು. ಹನ್ನೊಂದೂವರೆಗೆ ರೇಡಿಯೇಟರ್ ಮತ್ತೆ ತನ್ನ ಜಾಗದಲ್ಲಿ ಕೂತಿತ್ತು. ಸ್ಪ್ಯಾನರಮ್ಮ ಚೀಲದಿಂದ ರಬ್ಬರು ಗಟ್ಟಿಯಿದ್ದ ಮುಚ್ಚಳ ಹುಡುಕಿ ಹಾಕಿದಳು. ಎಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಮತ್ತೆ ಒದ್ದೆ ಬಟ್ಟೆ ಸವರಿದಳು. ಈ ಸಲ ಅಂಚಿಂದ ಅಂಚಿಗೆ ಒಂದೇ ಸಮ ಆವಿಯೆದ್ದು, ಮುಖವೆಲ್ಲ ಒಟ್ಟಿಗೇ ಒಣಗಿತು. ಡ್ರೈವರು ಅದನ್ನು ನೋಡುತ್ತ ನಿಂತಿದ್ದವನು ಬಾನೆಟ್ಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

ಕಟ್ಟುಗಳನ್ನು ಏರಿಸಿದರು. ಮ್ಯಾನೇಜರು ಹೊರಬಂದರು. ಕೈಯಲ್ಲಿ ಹೊಸ ಕಾಗದ. ಅದೇ ವಾಕ್ಯ, ಹೆಸರು ಎರಡು. ಡ್ರೈವರನದ್ದು, ದೊಡ್ಡಮ್ಮನದ್ದು. ತಮ್ಮದಿರಲಿಲ್ಲ, ಹೇಳಬೇಕಾಗಿಲ್ಲ.

"ಹೊರಡೋಕೆ ಮುಂಚೆ ಇಬ್ಬರೂ ಸಹಿ ಹಾಕಿ."

ದೊಡ್ಡಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು. ಆಗ ಡ್ರೈವರು ಅವಳ ಮುಂದೆ ಬಂದು ನಿಂತ.

"ಗಾಡಿ ಹೋಗುತ್ತೆ ಸಾರ್. ಆಸ್ಪತ್ರೇಲಿ ಮಲಗಿರೋರು ನಮ್ಮಂಥೋರೇ, ಅವರ ಹಾಸು ನಿಲ್ಲಿಸಿ ನಾನು ಜಗಳ ಆಡಲ್ಲ. ಆದ್ರೆ ದೊಡ್ಡಮ್ಮ ನನ್ನ ಪಕ್ಕ ಕೂತ್ಕೊಂಡು ಬರ್ತಾಳೆ. ತುಂಬಿದ ಲೋಡು, ಅದೇ ಸೇತುವೆ. ಕುದಿ ಬಂದ್ರೆ ಇಬ್ರೂ ವಾಪಸ್ ಬಂದು ಸಹಿ ಹಾಕ್ತೀವಿ. ಬರ್ಲಿಲ್ಲ ಅಂದ್ರೆ ಆ ಕಾಗದ ನೀವೇ ಹರೀಬೇಕು. ಎಲ್ಲರ ಮುಂದೆ."

ಹನ್ನೊಂದು ವರ್ಷದಲ್ಲಿ ಅವನು ಆ ಅಂಗಳದಲ್ಲಿ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಮ್ಯಾನೇಜರು ಅವನ ಹಿಂದೆ ನೋಡಿದರು. ಬಾಗಿಲಲ್ಲಿ, ಕಿಟಕಿಗಳಲ್ಲಿ, ನಲವತ್ತು ಮುಖ. ಯಾರೂ ಘೋಷಣೆ ಕೂಗಲಿಲ್ಲ. ಬರೇ ಉತ್ತರಕ್ಕೆ ಕಾದರು.

"ಆಯ್ತು, ಹೊರಡಿ ಹೊರಡಿ. ಟೈಮಾಯ್ತು," ಎಂದರು ಮ್ಯಾನೇಜರ್.

"ಆಯ್ತು ಅಂದ್ರಲ್ಲ, ಕೇಳಿಸ್ಕೊಂಡ್ರೇನ್ರೇ ಎಲ್ಲ?" ಎಂದಳು ಸ್ಪ್ಯಾನರಮ್ಮ ಗಟ್ಟಿಯಾಗಿ.

"ಕೇಳಿಸ್ತು!" ಎಂದಿತು ಬಾಗಿಲು.

ಮುಂದಿನ ಸೀಟಿನಲ್ಲಿ ಮೂವರು. ಗೇರಿನ ಪಕ್ಕ ದೊಡ್ಡಮ್ಮ, ಕಿಟಕಿಗೆ ಸ್ಪ್ಯಾನರಮ್ಮ. ಕೆಲಸದ ಹೊತ್ತಿನಲ್ಲಿ ದೊಡ್ಡಮ್ಮ ಬೀದಿ ನೋಡಿದ್ದೇ ಇಲ್ಲವಂತೆ; ಹಗಲಿಗೆ ಇಷ್ಟು ಜನ ಓಡಾಡ್ತಾರಾ ಎಂದಳು. ತಾನು ಗಂಜಿ ಹಾಕಿದ ಕೋಟು ತೊಟ್ಟ ಯಾರೋ ರಸ್ತೆ ದಾಟುವುದನ್ನು ಕಂಡು, "ಕಾಲರು ನೋಡು, ಹೇಗೆ ನಿಂತಿದೆ!" ಎಂದು ಕಿಟಕಿಯಾಚೆ ಬೆರಳು ತೋರಿಸಿದಳು. ಸೇತುವೆ ಕಾಣಿಸಿದ ಮೇಲೆ ಬೆರಳು ಒಳಗೆ ಬಂತು.

ಏರು ಶುರುವಾಯಿತು. ಡ್ರೈವರು ಎರಡನೇ ಗೇರಿಗೆ ತಂದ. ಎಂಜಿನ್ ಲೋಡನ್ನು ಹಲ್ಲು ಕಚ್ಚಿ ಎಳೆಯಿತು. ಮುಳ್ಳು ಅರ್ಧಕ್ಕೆ ಬಂತು. ಅರ್ಧ ದಾಟಿ ಒಂದು ಕೂದಲೆಳೆ ಮೇಲೆ ಹೋಯಿತು.

"ಅದೇನಾ?" ಎಂದಳು ದೊಡ್ಡಮ್ಮ ಪಿಸುದನಿಯಲ್ಲಿ. "ಆ ಕೆಂಪಿಗೆ ಹೋಗ್ಬಾರ್ದಾ?"

"ಹೋಗಲ್ಲ," ಎಂದಳು ಸ್ಪ್ಯಾನರಮ್ಮ. ಆಕೆ ಮುಳ್ಳು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕಾಲಡಿಯ ತಗಡಿಗೆ ಪಾದವೊತ್ತಿ ಕೇಳುತ್ತಿದ್ದಳು. "ಪಂಪು ಹಗುರಾಗಿದೆ. ನೀರು ಓಡ್ತಿದೆ."

ಮುಳ್ಳು ಒಂದು ಗಳಿಗೆ ತಡೆಯಿತು. ಆಮೇಲೆ ಮೆಲ್ಲಗೆ ಅರ್ಧಕ್ಕೆ ಇಳಿದು ಅಲ್ಲೇ ಕೂತಿತು. ನೆತ್ತಿ ದಾಟಿ, ಪಕ್ಕದ ಜಾಗದಲ್ಲಿ ಡ್ರೈವರು ಗಾಡಿ ನಿಲ್ಲಿಸಿದ. ಹೋಸು ನೋಡಿದ, ನಳಿಗೆಯ ತುದಿ ನೋಡಿದ. ಒಣಗಿತ್ತು. ವಾಪಸು ಬಂದು ಕೂತು, ಸ್ಟಿಯರಿಂಗ್ ಮೇಲೆ ಹಣೆಯಿಟ್ಟು ಹಾಗೇ ಇದ್ದ. ಇಬ್ಬರು ಹೆಂಗಸರೂ ಬೇರೆ ಕಡೆ ನೋಡಿದರು. ಅಷ್ಟು ಮರ್ಯಾದೆ ಕೊಡಬೇಕಾಗುತ್ತದೆ.

ಫೋನು ಬಂತು. ಅವನು ಎಲ್ಲರಿಗೂ ಕೇಳುವ ಹಾಗೆ ಇಟ್ಟ.

"ಏನಾಯ್ತು? ಕುದೀತಾ?" ಮ್ಯಾನೇಜರ ದನಿ.

"ಇಲ್ಲ ಸಾರ್. ನೆತ್ತಿ ದಾಟಿದ್ವಿ. ಮುಳ್ಳು ಅರ್ಧದಲ್ಲಿದೆ."

"ಸರಿ. ಎರಡನೇ ಟ್ರಿಪ್ ಎರಡೂವರೆಗೆ. ಇಳಿಸಿ ಬೇಗ ಬಾ."

"ಸಾರ್, ಕಾಗದ?"

"ಯಾವ ಕಾಗದ?" ಎಂದು ಮ್ಯಾನೇಜರು ಫೋನಿಟ್ಟರು.

ದೊಡ್ಡಮ್ಮ ಇಬ್ಬರ ಮುಖವನ್ನೂ ನೋಡಿದಳು. "ಹಾಗಂದ್ರೆ ಹರಿದ ಅಂತಾನಾ?"

"ಉಹೂಂ," ಎಂದಳು ಸ್ಪ್ಯಾನರಮ್ಮ. "ಹರಿದಿದ್ದು ನಾವು ನೋಡೋ ತನಕ ಅದು ಗಾಜಿನ ಕೆಳಗೇ ಇದೆ ಅಂತ. ಎರಡೂವರೆಗೆ ಹೋಗಿ ಕೇಳೋಣ. ನಾನೂ ಬರ್ತೀನಿ. ಒಳಗಿನೋರೂ ಬರ್ತಾರೆ."

"ಬರ್ತಾರೆ," ಎಂದಳು ದೊಡ್ಡಮ್ಮ, ಯೋಚಿಸಿ. "ಅವರೆಲ್ಲ 'ಆಯ್ತು' ಅಂದಿದ್ದು ಕೇಳಿಸ್ಕೊಂಡಿದ್ದಾರೆ."

ಡ್ರೈವರು ತಲೆಯೆತ್ತಿದ. ಕನ್ನಡಿ ನೋಡಿ, ಮೊದಲ ಗೇರು ಹಾಕಿ, ಆಸ್ಪತ್ರೆಯ ಕಡೆ ಇಳಿಜಾರಿಗೆ ಗಾಡಿ ಬಿಟ್ಟ.